ವೈದ್ಯವೃತ್ತಿಯೂ ಸಂಶೋಧನೆಯೂ: ಎಂ.ಡಿ.–ಪಿಎಚ್.ಡಿ. ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಅಮೆರಿಕದಲ್ಲಿ ಜೀವರಸಾಯನಶಾಸ್ತ್ರದ ಮೂರನೆಯ ವರ್ಷದ ಪದವಿ ವಿದ್ಯಾರ್ಥಿನಿ. ನನಗೆ ಪ್ರಯೋಗಾಲಯವೂ ಇಷ್ಟ, ರೋಗಿಗಳ ಒಡನಾಟವೂ ಇಷ್ಟ. ಎಂ.ಡಿ. (ಇಲ್ಲಿನ ಮೂಲ ವೈದ್ಯಕೀಯ ಪದವಿ) ಮತ್ತು ಪಿಎಚ್.ಡಿ. ಎರಡನ್ನೂ ಒಟ್ಟಿಗೆ ಓದುವ ಜಂಟಿ ವ್ಯಾಸಂಗಕ್ಕೆ ಶುಲ್ಕವೇ ಇಲ್ಲ ಎಂದು ಕೇಳಿದ್ದೇನೆ. ಅದನ್ನೇ ಆರಿಸಿಕೊಳ್ಳಲೇ? ಹಾಗಾದರೆ ಕಾಲೇಜುಗಳನ್ನು ಅಳೆಯುವುದು ಹೇಗೆ?

ಉತ್ತರ: ಶುಲ್ಕದ ಮಾತನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ತಪ್ಪು ನಿರ್ಧಾರಗಳು ಹೆಚ್ಚಾಗಿ ಅಲ್ಲಿಂದಲೇ ಹುಟ್ಟುತ್ತವೆ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್, ವೈದ್ಯ-ವಿಜ್ಞಾನಿಗಳ ತರಬೇತಿಗಾಗಿ 1964ರಲ್ಲಿ ಆರಂಭಿಸಿದ ಎಂಎಸ್‌ಟಿಪಿ ಅನುದಾನವಿರುವ ವೈದ್ಯಕೀಯ ಕಾಲೇಜುಗಳಲ್ಲಿ ಜಂಟಿ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಜೀವನವೆಚ್ಚಕ್ಕೆ ಸ್ಟೈಪೆಂಡೂ ದೊರೆಯುತ್ತವೆ. ಆ ಅನುದಾನವಿಲ್ಲದ ಹಲವು ಕಾಲೇಜುಗಳೂ ತಮ್ಮದೇ ನಿಧಿಯಿಂದ ಇದನ್ನು ಕೊಡುತ್ತವೆ. ಆದರೆ ವ್ಯಾಸಂಗಕ್ಕೆ ಸಾಮಾನ್ಯವಾಗಿ 8 ವರ್ಷ ಬೇಕು. ಮೊದಲ ಎರಡು ವರ್ಷ ವೈದ್ಯಕೀಯ ತರಗತಿಗಳು, ನಡುವೆ ನಾಲ್ಕು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಪಿಎಚ್.ಡಿ., ಕೊನೆಗೆ ಆಸ್ಪತ್ರೆಯ ವಾರ್ಡುಗಳು. ಅದರ ನಂತರವೂ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಪಡೆಯುವ ತಜ್ಞತೆಯ ತರಬೇತಿ, ಬಾಕಿ ಇರುತ್ತದೆ. ಎಂ.ಡಿ. ಮಾತ್ರ ಓದಿದ ನಿಮ್ಮ ಸಹಪಾಠಿ ಅಷ್ಟರಲ್ಲಿ ಹಲವು ವರ್ಷ ವೈದ್ಯರಾಗಿ ಸಂಪಾದಿಸಿರುತ್ತಾರೆ. ಆದ್ದರಿಂದ ಸಾಲ ತಪ್ಪಿಸಿಕೊಳ್ಳುವುದಕ್ಕಾಗಿ ಈ ದಾರಿ ಹಿಡಿಯುವುದು ಲೆಕ್ಕದ ದೃಷ್ಟಿಯಿಂದಲೂ ಸರಿಯಲ್ಲ.

ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಈ ವ್ಯಾಸಂಗ ರೂಪಿಸುವುದು ತಮ್ಮ ಸಮಯದ ಹೆಚ್ಚಿನ ಪಾಲನ್ನು, ಮಾದರಿಯಾಗಿ ಹೇಳುವಂತೆ ಶೇಕಡಾ 80ರಷ್ಟನ್ನು, ಸಂಶೋಧನೆಗೆ ಕೊಟ್ಟು ಉಳಿದದ್ದರಲ್ಲಿ ರೋಗಿಗಳನ್ನು ನೋಡುವ ವೈದ್ಯ-ವಿಜ್ಞಾನಿಗಳನ್ನು. ಎರಡೂ ಇಷ್ಟ ಎಂಬುದಷ್ಟೇ ಇದಕ್ಕೆ ಸಾಲದು. ತಿಂಗಳುಗಟ್ಟಲೆ ಪ್ರಯೋಗ ಕೈಕೊಟ್ಟಾಗಲೂ ಮರುದಿನ ಪ್ರಯೋಗಾಲಯಕ್ಕೆ ಹೋಗಿ ಕಾರಣ ಹುಡುಕಬೇಕೆಂಬ ತವಕ ನಿಮ್ಮಲ್ಲಿ ಉಳಿದಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಉಳಿದಿಲ್ಲವಾದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಎಂ.ಡಿ. ಓದಿನ ನಡುವೆ ಒಂದು ವರ್ಷ ಸಂಶೋಧನೆಗೆ ಮೀಸಲಿಡಲು ಅವಕಾಶವಿದೆ. 2012ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯನ್ ಕೋಬಿಲ್ಕಾ ಇಬ್ಬರೂ ಎಂ.ಡಿ. ಮಾತ್ರ ಪಡೆದವರು. ಇತ್ತ 1998ರಲ್ಲಿ ನೈಟ್ರಿಕ್ ಆಕ್ಸೈಡ್ ಕುರಿತ ಶೋಧಕ್ಕೆ ನೊಬೆಲ್ ಪಡೆದವರಲ್ಲೊಬ್ಬರಾದ ಫೆರಿದ್ ಮುರಾದ್ 1965ರಲ್ಲಿ ಎರಡೂ ಪದವಿಗಳನ್ನು ಒಟ್ಟಿಗೆ ಮುಗಿಸಿದವರು. ಪಿಎಚ್.ಡಿ. ಕೊಡುವುದು ಸಂಶೋಧನೆ ಮಾಡುವ ಪರವಾನಗಿಯನ್ನಲ್ಲ. ಒಂದು ಪ್ರಶ್ನೆಯನ್ನು ತಾನೇ ರೂಪಿಸಿ ಕೊನೆಮುಟ್ಟಿಸುವುದನ್ನು ಕಲಿಯಲು ಬೇಕಾದ ಅಡೆತಡೆಯಿಲ್ಲದ ವರ್ಷಗಳನ್ನು.

ಇನ್ನು ಆಯ್ಕೆಯ ವಿಚಾರ. ಕಾಲೇಜಿನ ಶ್ರೇಯಾಂಕಕ್ಕಿಂತ ನಿಮ್ಮ ಆಸಕ್ತಿಯ ಕ್ಷೇತ್ರದಲ್ಲಿ ಅಲ್ಲಿ ಎಷ್ಟು ಮಂದಿ ಮಾರ್ಗದರ್ಶಕರಿದ್ದಾರೆ ಎಂಬುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನೀವು ಸೇರಿದ ಮೇಲೆ ಪ್ರಯೋಗಾಲಯ ಆರಿಸಿಕೊಳ್ಳುವಷ್ಟರಲ್ಲಿ ಒಂದೆರಡು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಒಬ್ಬ ಪ್ರಾಧ್ಯಾಪಕರು ಬೇರೆ ಊರಿಗೆ ಹೋಗಬಹುದು, ಅವರ ಅನುದಾನ ನಿಲ್ಲಬಹುದು, ನಿಮ್ಮ ಆಸಕ್ತಿಯೇ ಬದಲಾಗಬಹುದು. ಒಬ್ಬರನ್ನೇ ನಂಬಿ ಹೋಗಬೇಡಿ. ನಾಲ್ಕೈದು ಮಂದಿಯಾದರೂ ಇರುವಲ್ಲಿಗೆ ಹೋಗಿ. ನ್ಯೂಯಾರ್ಕಿನಲ್ಲಿ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜು, ರಾಕ್‌ಫೆಲರ್ ವಿಶ್ವವಿದ್ಯಾಲಯ ಮತ್ತು ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ನಡೆಸುವ ಕಾರ್ಯಕ್ರಮದ ಬಲ ಇರುವುದೂ ಮೂರು ಸಂಸ್ಥೆಗಳ ಪ್ರಯೋಗಾಲಯಗಳು ಒಟ್ಟಿಗೆ ತೆರೆದಿರುವುದರಲ್ಲಿ. ಕೆಲವೆಡೆ ಮಾನವಶಾಸ್ತ್ರ, ಆರೋಗ್ಯನೀತಿಯಂಥ ವಿಷಯಗಳಲ್ಲೂ ಪಿಎಚ್.ಡಿ. ಮಾಡಬಹುದು.

ಸಂದರ್ಶನಕ್ಕೆ ಹೋದಾಗ ನಿರ್ದೇಶಕರಿಗಿಂತ ಹೆಚ್ಚಾಗಿ ಐದನೆಯ, ಆರನೆಯ ವರ್ಷದ ವಿದ್ಯಾರ್ಥಿಗಳೊಡನೆ ಮಾತನಾಡಿ. ಸರಾಸರಿ ಎಷ್ಟು ವರ್ಷದಲ್ಲಿ ಮುಗಿಸುತ್ತಾರೆ, ಎಷ್ಟು ಮಂದಿ ನಡುವೆ ಬಿಡುತ್ತಾರೆ, ಬಿಟ್ಟರೆ ಶುಲ್ಕ ಹಿಂತಿರುಗಿಸಬೇಕೇ ಎಂದು ಸಂಕೋಚವಿಲ್ಲದೆ ಕೇಳಿ. ಪಿಎಚ್.ಡಿ. ವರ್ಷಗಳಲ್ಲಿ ಕ್ಲಿನಿಕ್‌ನ ಸಂಪರ್ಕ ಉಳಿಸಿಕೊಳ್ಳಲು ವ್ಯವಸ್ಥೆಯಿದೆಯೇ ಎಂಬುದನ್ನಂತೂ ಮರೆಯದೆ ಕೇಳಬೇಕು. ನಾಲ್ಕು ವರ್ಷ ಪ್ರಯೋಗಾಲಯದಲ್ಲಿದ್ದು ಮರಳಿ ವಾರ್ಡಿಗೆ ಬಂದವರು, ತಮಗಿಂತ ಕಿರಿಯರ ನಡುವೆ ನಿಂತು ರೋಗಿಯ ಪರೀಕ್ಷೆಯನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಈ ಮರಳುವಿಕೆಗೆ ಆಸರೆಯಾಗದ ಕಾರ್ಯಕ್ರಮದ ಹೆಸರು ಎಷ್ಟು ದೊಡ್ಡದಿದ್ದರೂ ನನಗೆ ಅದರ ಮೇಲೆ ಭರವಸೆ ಮೂಡುವುದಿಲ್ಲ.

ಪ್ರಶ್ನೆ: ನನ್ನ ಹೆಸರಿನಲ್ಲಿ ಪ್ರಕಟಿತ ಪ್ರಬಂಧವಿಲ್ಲ. ಆದರೂ ಅರ್ಜಿ ಹಾಕಬಹುದೇ? ಪ್ರಕ್ರಿಯೆ ಹೇಗಿರುತ್ತದೆ?

ಉತ್ತರ: ಖಂಡಿತ ಹಾಕಬಹುದು. ಪ್ರಬಂಧವಿದ್ದರೆ ಅನುಕೂಲ, ಆದರೆ ಆಯ್ಕೆ ಸಮಿತಿ ಹುಡುಕುವುದು ದೀರ್ಘಕಾಲ ಒಂದು ಕೆಲಸದಲ್ಲಿ ತೊಡಗಿ ಅದನ್ನು ಅರಿತವರನ್ನು. ಮೂರು ಪ್ರಯೋಗಾಲಯಗಳಲ್ಲಿ ಒಂದೊಂದು ಬೇಸಿಗೆ ಕಳೆದವರಿಗಿಂತ ಒಂದೇ ಕಡೆ ಎರಡು ವರ್ಷ ದುಡಿದವರ ಮಾರ್ಗದರ್ಶಕರು ಬರೆಯುವ ಶಿಫಾರಸು ಪತ್ರಕ್ಕೆ ತೂಕ ಹೆಚ್ಚು.

ಅರ್ಜಿ ಹೋಗುವುದು ಬಹುಪಾಲು ಎಎಂಸಿಎಎಸ್ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ. ಎಲ್ಲ ಅಭ್ಯರ್ಥಿಗಳೂ ಬರೆಯುವ 5,300 ಅಕ್ಷರಗಳ ಸ್ವವಿವರಣೆಯ ಜೊತೆಗೆ ಜಂಟಿ ವ್ಯಾಸಂಗದವರು ಇನ್ನೆರಡನ್ನು ಬರೆಯಬೇಕು: ಎರಡೂ ಪದವಿ ಏಕೆ ಬೇಕು ಎಂಬುದಕ್ಕೆ 3,000 ಅಕ್ಷರ, ಮಾಡಿದ ಸಂಶೋಧನೆಯ ವಿವರಕ್ಕೆ 10,000 ಅಕ್ಷರ. ಕೊನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ಯಾವ ಉಪಕರಣ ಬಳಸಿದಿರಿ ಎಂಬ ಪಟ್ಟಿಗಿಂತ ಯಾವ ಪ್ರಶ್ನೆ ಇತ್ತು, ಅದಕ್ಕೆ ಆ ವಿಧಾನವೇ ಏಕೆ, ನಿಮ್ಮ ಸ್ವಂತ ಪಾಲೆಷ್ಟು, ಫಲಿತಾಂಶ ಏನನ್ನು ತೋರಿಸಿತು, ಏನನ್ನು ತೋರಿಸಲಿಲ್ಲ ಎಂಬುದು ಬರಬೇಕು. ಸಂದರ್ಶನದಲ್ಲಿ ಆ ಕ್ಷೇತ್ರದವರೇ ಎದುರಿಗಿರಬಹುದು. ಅರ್ಥವಾಗದ ವಾಕ್ಯವನ್ನು ಮಾರ್ಗದರ್ಶಕರಿಂದ ಎರವಲು ಪಡೆದಿದ್ದರೆ ಎರಡನೆಯ ಪ್ರಶ್ನೆಗೇ ಅದು ಗೊತ್ತಾಗುತ್ತದೆ. ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಅನ್ನು ವಸಂತಕಾಲದೊಳಗೆ ಮುಗಿಸಿ ಜೂನ್‌ನಲ್ಲೇ ಅರ್ಜಿ ಸಲ್ಲಿಸುವುದು ಒಳ್ಳೆಯದು. ರೋಗಿಗಳ ಒಡನಾಟದ ಅನುಭವವನ್ನೂ ಕಡೆಗಣಿಸಬೇಡಿ: ಅದಿಲ್ಲದ ಅರ್ಜಿಗೆ ಪಿಎಚ್.ಡಿ. ಮಾತ್ರ ಸಾಕಲ್ಲವೇ ಎಂಬ ಪ್ರಶ್ನೆ ನ್ಯಾಯವಾಗಿಯೇ ಎದುರಾಗುತ್ತದೆ.

ಪ್ರಶ್ನೆ: ನಾನು ಭಾರತದಲ್ಲಿ ಎಂಬಿಬಿಎಸ್ ಮುಗಿಸಿದ್ದೇನೆ. ನನಗೆ ಈ ದಾರಿ ಇದೆಯೇ?

ಉತ್ತರ: ಈ ಜಂಟಿ ವ್ಯಾಸಂಗ ಇನ್ನೂ ವೈದ್ಯಕೀಯ ಪದವಿ ಪಡೆಯದವರಿಗಾಗಿ ಇರುವುದು. ಅಲ್ಲದೆ ಎಂಎಸ್‌ಟಿಪಿ ಅನುದಾನದ ಹಣ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ ಸಲ್ಲುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನು ಸ್ವಂತ ನಿಧಿಯಿಂದ ಸೇರಿಸಿಕೊಳ್ಳುವ ಕಾಲೇಜುಗಳು ಕೆಲವೇ. ನಿಮಗೆ ತೆರೆದಿರುವುದು ಎರಡು ದಾರಿ. ನೇರವಾಗಿ ಪಿಎಚ್.ಡಿ.ಗೆ ಸೇರಬಹುದು, ಆದರೆ ಪದವಿ ಮುಗಿಸಿ ಬಹಳ ವರ್ಷಗಳಾದವರನ್ನು ಸೇರಿಸಿಕೊಳ್ಳಲು ಹಲವು ರೆಸಿಡೆನ್ಸಿಗಳು ಹಿಂಜರಿಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಮುಂದೆ ರೋಗಿಗಳನ್ನೂ ನೋಡಬೇಕೆಂಬ ನಿಶ್ಚಯವಿದ್ದರೆ ಮೊದಲು ಅಮೆರಿಕದಲ್ಲಿ ವೈದ್ಯವೃತ್ತಿಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಮುಗಿಸಿ, ಸಂಶೋಧನೆಗೆ ಕಾಲಾವಕಾಶ ಕೊಡುವ ರೆಸಿಡೆನ್ಸಿ ಹುಡುಕುವುದು ವಾಸಿ. ತಜ್ಞತೆಯ ತರಬೇತಿಯ ಜೊತೆಯಲ್ಲೇ ಪಿಎಚ್.ಡಿ. ಮಾಡಿಸುವ ಯುಸಿಎಲ್‌ಎಯ ಸ್ಟಾರ್‌ನಂಥ ಕಾರ್ಯಕ್ರಮಗಳೂ ಇವೆ. ಅವುಗಳ ಅರ್ಹತಾ ನಿಯಮಗಳನ್ನೂ ವೀಸಾ ಷರತ್ತುಗಳನ್ನೂ ಆಯಾ ಸಂಸ್ಥೆಗೇ ಬರೆದು ಕೇಳಿ ತಿಳಿದುಕೊಳ್ಳಿ.