ಗಡಿಯಾಚೆಯ ಟೊಮ್ಯಾಟೊ ಲೆಕ್ಕವನ್ನೂ ಇಡಿ

ಅಣ್ಣಾ, ಕೋಲಾರದ ಮಂಡಿ ರೇಟ್ ನೋಡಿ ಮುಳಬಾಗಿಲಲ್ಲಿ ನಾಟಿ ಮಾಡ್ತೀವಿ, ಕೊಯ್ಲಿನ ಹೊತ್ತಿಗೆ ಆಂಧ್ರದ ಮಾಲು ತುಂಬಿರುತ್ತೆ, ಇದು ಮೊದಲೇ ಮೊಬೈಲಲ್ಲಿ ಗೊತ್ತಾಗುತ್ತಾ ಅಂತ ಕೇಳಿದ್ದೀರಿ. ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಆದರೆ ಕೋಲಾರ ಒಂದನ್ನೇ ನೋಡಿದರೆ ಸಾಲದು. ನಮ್ಮ ಮುಳಬಾಗಿಲು, ಶ್ರೀನಿವಾಸಪುರ, ಆಂಧ್ರದ ಪುಂಗನೂರು, ಪಲಮನೇರು, ಮದನಪಲ್ಲಿ ಎಲ್ಲ ಸೇರಿ ಒಂದೇ ಟೊಮ್ಯಾಟೊ ಸೀಮೆ. ರಾಜ್ಯ ಎರಡು, ಅಷ್ಟೇ.

ಮೊದಲು ಕೇಂದ್ರ ಸರ್ಕಾರದ ಮಂಡಿ ದರದ ಜಾಲತಾಣ ಅಗ್‌ಮಾರ್ಕ್‌ನೆಟ್ ತೆಗೆಯಿರಿ. ಕೋಲಾರ, ಮದನಪಲ್ಲಿ ಎರಡರ ಆವಕ ಮತ್ತು ದರವನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಅಲ್ಲಿ ದರ ಇರುವುದು ಕ್ವಿಂಟಲ್ ಲೆಕ್ಕದಲ್ಲಿ. ಕ್ವಿಂಟಲ್‌ಗೆ 2,000 ಅಂದರೆ ನಮ್ಮ 15 ಕೆಜಿ ಬಾಕ್ಸ್‌ಗೆ 300 ರೂಪಾಯಿ. ಖಾಲಿ ಬಿಟ್ಟ ದಿನವನ್ನು ಸೊನ್ನೆ ಅಂತ ತುಂಬಬೇಡಿ. ಅವತ್ತು ಮಾಹಿತಿ ಬಂದಿಲ್ಲ ಅಂತ ಮಾತ್ರ ಅದರ ಅರ್ಥ.

ಆದರೆ ಆವಕ ಹೇಳುವುದು ಮಾಲು ಮಂಡಿಗೆ ಬಂದ ಮೇಲಿನ ಕಥೆ. ಮೊದಲೇ ತಿಳಿಯಬೇಕಾದರೆ ಸೆಂಟಿನೆಲ್-2 ಉಪಗ್ರಹದ ಚಿತ್ರ ನೋಡಬೇಕು. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಸುಮಾರು 5 ದಿನಕ್ಕೊಂದು ಹೊಸ ಚಿತ್ರ. ಒಂದೊಂದು ಚುಕ್ಕಿ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ! ಉಪಗ್ರಹಕ್ಕೆ ಗಡಿಯ ಕಲ್ಲು ಕಾಣುವುದಿಲ್ಲ, ಎರಡೂ ಕಡೆ ಒಂದೇ ಅಳತೆ. ಇದೇ ದೊಡ್ಡ ಅನುಕೂಲ.

ಒಂದೇ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಮಾವಿನ ತೋಪು, ನೀಲಗಿರಿ ಎಲ್ಲವೂ ಹಸಿರೇ ಅಲ್ವಾ? ಬೇಸಿಗೆಯಲ್ಲಿ ತಿಂಗಳ ಅಂತರದ ಎರಡು ಚಿತ್ರ ಇಟ್ಟು, ಹೊಸದಾಗಿ ಹಸಿರಾದ ಜಾಗ ಹುಡುಕಿ. ಅದು ಹೆಚ್ಚಾಗಿ ಬೋರ್‌ವೆಲ್ ನೀರಿನ ಬೆಳೆ. ಟೊಮ್ಯಾಟೊನೋ ಕ್ಯಾಪ್ಸಿಕಂನೋ ಅಂತ ಚಿತ್ರ ಹೇಳುವುದಿಲ್ಲ. ಅದಕ್ಕೆ ಆ ಕಡೆಯ ನರ್ಸರಿಗೆ ಫೋನ್ ಮಾಡಿ, ಯಾವ ಸಸಿ ಜಾಸ್ತಿ ಹೋಗುತ್ತಿದೆ ಕೇಳಿ. ನಮ್ಮ ಕಡೆಯವರಿಗೆ ತೆಲುಗು ಬಂದೇ ಬರುತ್ತದಲ್ಲ. ನಾಟಿಯಾಗಿ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು, ಹಾಗಾಗಿ ಸುಮಾರು ಒಂದು ತಿಂಗಳ ಮುನ್ಸೂಚನೆ ಕೈಗೆ ಸಿಗುತ್ತದೆ. ಮಳೆಗಾಲದಲ್ಲಿ ಮೋಡದಿಂದಾಗಿ ಈ ದಾರಿ ಅಷ್ಟು ನೆಚ್ಚುವಂತಿಲ್ಲ.

ನಮ್ಮ ಬೆಳೆ ಸಮೀಕ್ಷೆ, ಆಂಧ್ರದ ಈ-ಕ್ರಾಪ್ (ಅಲ್ಲಿನ ಸರ್ಕಾರಿ ಬೆಳೆ ನೋಂದಣಿ) ಅಂಕಿ ಸಿಕ್ಕರೆ ಅಳತೆಯಲ್ಲಿ ಹುಷಾರು. ನಮ್ಮಲ್ಲಿ 1-20 ಅಂದರೆ 1 ಎಕರೆ 20 ಗುಂಟೆ, ಅಂದರೆ ಒಂದೂವರೆ ಎಕರೆ. ಅಲ್ಲಿ 1.20 ಅಂದರೆ 1 ಎಕರೆ 20 ಸೆಂಟು. ಸೆಂಟು ನೂರಕ್ಕೆ ಒಂದು ಎಕರೆ, ಗುಂಟೆ ನಲವತ್ತಕ್ಕೆ. ಸುಮ್ನೆ ಕೂಡಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಇನ್ನೊಂದು ಮಾತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ಒಳಗೆ ಬರದಂತೆ ತಡೆಯಿತು. ಶ್ರೀನಿವಾಸಪುರದ ಬೆಳೆಗಾರರಿಗೆ ಅಲ್ಲಿನ ಪಲ್ಪ್ ಫ್ಯಾಕ್ಟರಿಗಳೇ ಆಸರೆ. ಇಂಥ ಆದೇಶ ಯಾವ ಉಪಗ್ರಹದಲ್ಲೂ ಕಾಣುವುದಿಲ್ಲ. ಹಾಳೆಯ ಕೊನೆಯಲ್ಲಿ ಒಂದು ಕಾಲಂ ಬಿಟ್ಟು, ತಡೆ, ಮುಷ್ಕರ, ಜೋರು ಮಳೆಯ ದಿನಗಳನ್ನು ಬರೆದಿಡಿ.

ಮೊದಲು ಕೋಲಾರ, ಮದನಪಲ್ಲಿಯ ಹೋದ ವರ್ಷದ ಏಪ್ರಿಲ್‌ನಿಂದ ಜುಲೈವರೆಗಿನ ಅಂಕಿ ಇಳಿಸಿ ಗುಂಪಿಗೆ ಹಾಕಿ. ಚಿಂತಾಮಣಿ ಮಂಡಿಯದ್ದು ನಾನು ತುಂಬುತ್ತೇನೆ. ಪಲಮನೇರು ಕಡೆ ನೆಂಟರಿರುವವರು ನರ್ಸರಿ ವಿಚಾರ ಕೇಳಿ ಇಲ್ಲೇ ತಿಳಿಸಿ.