ಹಳೆಯ ಅಂಬಾಸಿಡರ್‌ನ ಛಾವಣಿ ಕತ್ತರಿಸಬಹುದೇ?

ಪ್ರಶ್ನೆ: ಮಾನ್ಯರೇ, ತಂದೆಯವರು ಬಿಟ್ಟುಹೋದ 1968ರ ಅಂಬಾಸಿಡರ್ ಮಾರ್ಕ್ 2 ಕಾರು ನಮ್ಮಲ್ಲಿದೆ. ಅದರ ಛಾವಣಿ ತೆಗೆಸಿ, ಮಡಚುವ ಬಟ್ಟೆಯ ಹುಡ್ ಹಾಕಿಸುವ ಆಸೆಯಿದೆ. ಗ್ಯಾರೇಜಿನವರು ಎರಡು ವಾರದ ಕೆಲಸ ಎನ್ನುತ್ತಾರೆ. ಮಾಡಿಸಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಯವಿಟ್ಟು ಮಾಡಿಸಬೇಡಿ. ಅಂಬಾಸಿಡರ್‌ಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ನೆಲ, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಹಾಗೂ ಛಾವಣಿ ಒಟ್ಟಾಗಿಯೇ ಭಾರ ಹೊರುವುದರಿಂದ, ಛಾವಣಿ ಕತ್ತರಿಸಿದ ಕಾರು ಮುಚ್ಚಳ ಹರಿದ ರಟ್ಟಿನ ಪೆಟ್ಟಿಗೆಯಂತೆ ತಿರುಚಿಕೊಂಡು ನಡುವೆ ಕುಸಿಯುತ್ತದೆ. ಅದು ಮೊದಲು ಕಾಣುವುದು ಬಾಗಿಲಲ್ಲಿ: ಮೇಲಿನ ಸಂದು ಕಿರಿದಾಗಿ, ಬಾಗಿಲು ಕಂಬಕ್ಕೆ ಉಜ್ಜತೊಡಗುತ್ತದೆ. ಬಲ್ಲವರು ಕತ್ತರಿಸುವ ಮುನ್ನವೇ ಬಾಗಿಲ ಚೌಕಟ್ಟಿಗೆ ಅಡ್ಡಪೈಪು ಬೆಸೆದು, ಕೆಳಪಟ್ಟಿಗಳೊಳಗೆ ದಪ್ಪ ಉಕ್ಕು ಸೇರಿಸಿ, ನೆಲದಡಿ ಅಡ್ಡತೊಲೆ ಕೂಡಿಸಿ, ಮುಂಗಾಜಿನ ಚೌಕಟ್ಟನ್ನು ಬಲಪಡಿಸುತ್ತಾರೆ. ಆದ್ದರಿಂದಲೇ ತೆರೆದ ಕಾರು ಎಷ್ಟೋ ಬಾರಿ ಮುಚ್ಚಿದ ಕಾರಿಗಿಂತ ಭಾರವಾಗಿರುತ್ತದೆ. ಇದು ಎರಡು ವಾರದ ಕೆಲಸವಲ್ಲ.

ಕಾನೂನೂ ಅಡ್ಡಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಮೇಲಾಗಿ, 50 ವರ್ಷ ದಾಟಿದ ನಿಮ್ಮ ಕಾರಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಪಡೆಯುವ ಅವಕಾಶವಿದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಛಾವಣಿ ಹೋದರೆ ಆ ಅರ್ಹತೆಯೂ ಹೋಗುತ್ತದೆ.

ಮೀಸಲಿಟ್ಟ ಹಣವನ್ನು ತುಕ್ಕಿನ ದುರಸ್ತಿಗೆ ಬಳಸಿ. ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಪಟ್ಟಿಯ ಉದ್ದಕ್ಕೂ ತಟ್ಟುತ್ತ ಹೋಗಿ. ಎಲ್ಲಿ ಟಣ್ ಎನ್ನದೆ ಮಂದ ಸದ್ದು ಬರುವುದೋ ಅಲ್ಲಿಂದಲೇ ಕೆಲಸ ಆರಂಭಿಸಿ.