ಒಂದೂ ಪಂದ್ಯ ಸೋಲದೆ ಆರನೇ ಸ್ಥಾನ

ಪ್ರಶ್ನೆ: 1959ರ ವಿಶ್ವ ಬಾಸ್ಕೆಟ್‌ಬಾಲ್‌ನಲ್ಲಿ ಸೋವಿಯತ್ ತಂಡ ಆಡಿದ್ದನ್ನೆಲ್ಲ ಗೆದ್ದಿತ್ತಂತೆ. ಆದರೂ ಕಪ್ ಬ್ರೆಜಿಲ್‌ಗೆ ಹೋದದ್ದು ಹೇಗೆ? ನಮ್ಮ ಲೀಗ್‌ನಲ್ಲೂ ಒಂದು ತಂಡ ಕೊನೆಯ ಪಂದ್ಯಕ್ಕೆ ಬಾರದೆ ತಕರಾರಾಗಿದೆ. ಪಾಯಿಂಟ್ ಹೇಗೆ ಹಾಕಬೇಕು?
– ಓದುಗರು, ಕಾರವಾರ

ಉತ್ತರ: ಚಿಲಿಯ ಸ್ಯಾಂಟಿಯಾಗೋದಲ್ಲಿ ಸೋವಿಯತ್ ತಂಡ ಅಮೆರಿಕವನ್ನು 62–37ರಿಂದ ಬಗ್ಗುಬಡಿದಿತ್ತು. ಬ್ರೆಜಿಲ್ ಕೂಡ ಅವರೆದುರು ಸೋತಿತ್ತು. ಆದರೆ ರಾಜಕೀಯ ಕಾರಣಕ್ಕೆ ಸೋವಿಯತ್ ಮತ್ತು ಬಲ್ಗೇರಿಯಾ ತಂಡಗಳು ತೈವಾನ್ ಜೊತೆ ಆಡಲು ಒಪ್ಪಲಿಲ್ಲ. ಅಂತಿಮ ಸುತ್ತಿನ ಏಳು ತಂಡಗಳಲ್ಲಿ ಇವೆರಡನ್ನೂ ಕೊನೆಗೆ ತಳ್ಳಲಾಯಿತು. ಅಮೌರಿ ಪಾಸೋಸ್, ವ್ಲಾಮಿರ್ ಮಾರ್ಕೇಸ್ ಅವರಿದ್ದ ಬ್ರೆಜಿಲ್ ಚಾಂಪಿಯನ್ ಆಯಿತು. ಬ್ರೆಜಿಲ್ ಒಳ್ಳೆಯ ತಂಡವೇ, ಆ ವರ್ಷದ ಬಲಿಷ್ಠ ತಂಡ ಮಾತ್ರ ಸೋವಿಯತ್‌ನದು.

ಇನ್ನು ನಿಮ್ಮ ಲೀಗ್. ಈಗಿನ ನಿಯಮದಂತೆ ಗೆದ್ದರೆ 2, ಆಡಿ ಸೋತರೆ 1, ವಾಕ್‌ಓವರ್ ಕೊಟ್ಟರೆ 0. ಸಮಯ ಮೀರಿ 15 ನಿಮಿಷವಾದರೂ ಐವರು ಆಟಗಾರರು ಸಿದ್ಧರಿಲ್ಲದಿದ್ದರೆ ಎದುರಾಳಿಗೆ 20–0 ಗೆಲುವು. ನಮ್ಮ ಕಡೆ ಎಡವುವುದು ಇಲ್ಲೇ: ಸೋಲು ಸೋಲೇ ಅಂತ ಬಾರದವರಿಗೂ 1 ಬರೆದುಬಿಡುತ್ತಾರೆ. ನಾಲ್ಕು ತಂಡಗಳ ಲೀಗ್‌ನಲ್ಲಿ ಎರಡು ಗೆದ್ದು ಒಂದು ಆಡಿ ಸೋತವರಿಗೆ 5, ಎರಡು ಗೆದ್ದು ಒಂದಕ್ಕೆ ಬಾರದವರಿಗೆ 4. ತಪ್ಪಿ 1 ಕೊಟ್ಟರೆ ಇಬ್ಬರೂ ಸಮ. ಆಗ ಪರಸ್ಪರ ಪಂದ್ಯದ ಫಲಿತಾಂಶ ನೋಡಬೇಕಾಗುತ್ತದೆ, ಬಾರದವರೇ ಮೇಲೆ ಹೋಗಿ ಕೂರಬಹುದು. ಆಟದ ನಡುವೆ ಗಾಯ, ಫೌಲ್‌ಗಳಿಂದ ಒಬ್ಬನೇ ಉಳಿದು ಪಂದ್ಯ ನಿಂತರೆ ಅದು ಬೇರೆ ಲೆಕ್ಕ, ಸೋತವರಿಗೆ 1 ಸಿಗುತ್ತದೆ.

ಪ್ರಶ್ನೆ: 1959ರ ಆ ವಿಶ್ವ ಬಾಸ್ಕೆಟ್‌ಬಾಲ್ ಪಂದ್ಯಗಳು ಬಯಲಲ್ಲೇ ನಡೆದವೇ? ನಾವೂ ಬಯಲು ಕೋರ್ಟ್ ಮಾಡಿಸುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?
– ಓದುಗರು, ಕುಮಟಾ

ಉತ್ತರ: ಹೌದು. ಒಳಾಂಗಣ ಸಿದ್ಧವಾಗದೆ ಅಂತಿಮ ಸುತ್ತನ್ನು ಫುಟ್‌ಬಾಲ್ ಕ್ರೀಡಾಂಗಣದಲ್ಲೇ ಆಡಿಸಿದರು.

ನಮ್ಮ ಕರಾವಳಿಯ ಮಳೆಗೆ ಕಾಂಕ್ರೀಟಿನ ಇಳಿಜಾರು ಮುಖ್ಯ. ಮೀಟರಿಗೆ 1 ಸೆಂ.ಮೀ. ಸಾಕು, ಆದರೆ 15 ಮೀಟರ್ ಅಗಲದ ದಿಕ್ಕಿಗೇ ಕೊಡಿಸಿ. 28 ಮೀಟರ್ ಉದ್ದಕ್ಕೆ ಕೊಟ್ಟರೆ ಒಂದು ತಂಡ ಏರಿಗೆ, ಇನ್ನೊಂದು ಇಳಿಜಾರಿಗೆ ಓಡಬೇಕಾಗುತ್ತದೆ. ರಿಂಗ್‌ನ 3.05 ಮೀಟರ್ ಎತ್ತರವನ್ನು ಅದರ ನೇರ ಕೆಳಗಿನ ನೆಲದಿಂದ ಅಳೆಯಿರಿ, ಕಂಬದ ಬುಡದಿಂದಲ್ಲ. ಉಪ್ಪುಗಾಳಿಗೆ ಬರೀ ಬಣ್ಣ ತಡೆಯದು: ಕಂಬ ಗ್ಯಾಲ್ವನೈಸ್ ಆಗಿರಲಿ, ಬೋಲ್ಟುಗಳು ಸ್ಟೇನ್‌ಲೆಸ್ ಇರಲಿ. ಮಳೆಗಾಲ ಮುಗಿದೊಡನೆ ಬೋರ್ಡಿನ ಹಿಂದಿನ ಬೋಲ್ಟುಗಳನ್ನು ಬಿಚ್ಚಿ ನೋಡಿ. ತುಕ್ಕು ಮೊದಲು ಹಿಡಿಯುವುದು ವಾಷರ್ ಅಡಿಯಲ್ಲಿ, ಹೊರಗಿನಿಂದ ಕಾಣುವುದಿಲ್ಲ.